ಸಿ.ಡಿ.ಯೊಳಗೆ ಶಬ್ದವಿದೆಯೇ?

ಆಪ್ಟಿಕಲ್ ಡಿಸ್ಕ್ ಎಂದರೆ ಬೆಳಕಿನಿಂದ ಓದುವ ತಟ್ಟೆ. ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಎಲ್ಲವೂ ಈ ಜಾತಿಗೆ ಸೇರಿದವು. ಗ್ರಾಮಫೋನ್ ತಟ್ಟೆಯ ಗೆರೆಯಲ್ಲಿ ಮುಳ್ಳು ಓಡುತ್ತದೆ, ಕ್ಯಾಸೆಟ್ಟಿನ ಟೇಪು ಪ್ಲೇಯರಿನ ತಲೆಗೆ ಉಜ್ಜಿಕೊಂಡು ಸಾಗುತ್ತದೆ. ಸಿ.ಡಿ.ಯ ಬರಹವನ್ನು ಮಾತ್ರ ಯಾವುದೂ ಮುಟ್ಟುವುದಿಲ್ಲ. ಬೆಳಕು ಬಿದ್ದು ಮರಳುತ್ತದೆ, ಅಷ್ಟೆ. ‘ಈ ಸಿ.ಡಿ.ಯಲ್ಲಿ ಹತ್ತು ಹಾಡುಗಳಿವೆ’ ಎಂಬ ಮಾತು ದಿನಬಳಕೆಯದು. ತಟ್ಟೆಯನ್ನು ಕಿವಿಗೆ ಹಿಡಿದರೆ ಸದ್ದಿಲ್ಲ, ಕಣ್ಣಿಗೆ ಹಿಡಿದರೆ ಅಕ್ಷರವಿಲ್ಲ; ಕಾಣುವುದು ಕಾಮನಬಿಲ್ಲಿನ ಬಣ್ಣ. ಹಾಗಾದರೆ ಹಾಡು ಇರುವುದು ಎಲ್ಲಿ?

ಈ ಪ್ರಶ್ನೆ ಯಂತ್ರಕ್ಕಿಂತ ಬಹಳ ಹಳೆಯದು. ಉಚ್ಚರಿಸಿದ ಮಾತು ಉಚ್ಚಾರ ಮುಗಿದ ಮೇಲೆ ಏನಾಗುತ್ತದೆ, ಇಬ್ಬರು ಹೇಳಿದ ಒಂದೇ ಮಂತ್ರ ಒಂದೋ ಎರಡೋ, ಶಬ್ದ ದ್ರವ್ಯವೋ ಗುಣವೋ ಎಂದು ಭಾರತದ ದರ್ಶನಗಳು ಎರಡು ಸಾವಿರ ವರ್ಷಗಳಷ್ಟು ಕಾಲ ವಾದ ಮಾಡಿವೆ. ಆ ವಾದಿಗಳಲ್ಲಿ ಯಾರೂ ಸಿ.ಡಿ.ಯನ್ನು ಕಲ್ಪಿಸಿಕೊಂಡವರಲ್ಲ, ಅವರ ಮಾತಿನಲ್ಲಿ ಇಂದಿನ ಭೌತಶಾಸ್ತ್ರವನ್ನು ಹುಡುಕುವುದು ವ್ಯರ್ಥ. ಆದರೆ ತರ್ಕಕ್ಕೆ ದೃಷ್ಟಾಂತ ಬೇಕು. ಗಂಟೆಯ ನಾದ, ದೀಪದ ಕುಡಿ, ಗಡಿಗೆಯ ಮಣ್ಣು ಮುಂತಾದ ಹಳೆಯ ದೃಷ್ಟಾಂತಗಳ ಸಾಲಿಗೆ ಸಿ.ಡಿ. ಹೊಸದಾಗಿ ಸೇರಬಲ್ಲದು. ಅದರ ಒಳರಚನೆಯನ್ನು ತಿಳಿದರೆ ಹಳೆಯ ಪಕ್ಷಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

ತಟ್ಟೆಯ ರಚನೆ

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ 1980ರಲ್ಲಿ ಸಿ.ಡಿ.ಯ ಮಾನದಂಡವನ್ನು ಗೊತ್ತುಪಡಿಸಿದವು. 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್ ಮಾರಾಟಕ್ಕೆ ಬಂತು. ತಟ್ಟೆಯ ಅಡ್ಡಳತೆ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಅದರಲ್ಲಿ ಬಹುಪಾಲು ಪಾಲಿಕಾರ್ಬನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿನ ಒಂದು ಮೈಯಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಒತ್ತಿರುತ್ತಾರೆ. ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಲೇಪ, ಲೇಪವನ್ನು ಕಾಯಲು ತೆಳುವಾದ ಮೆರುಗೆಣ್ಣೆ, ಕೊನೆಗೆ ಹೆಸರು ಮತ್ತು ಚಿತ್ರದ ಅಚ್ಚು. ಲೇಪಕ್ಕೆ ತೀರ ಹತ್ತಿರವಿರುವುದು ಹೆಸರು ಅಚ್ಚಾದ ಮೈ. ಆದ್ದರಿಂದ ಕೆಳಮೈಯ ಗೀರಿಗಿಂತ ಮೇಲ್ಮೈಯ ಗೀರು ತಟ್ಟೆಗೆ ಹೆಚ್ಚು ಅಪಾಯ ತರುತ್ತದೆ.

ಗುಳಿಗಳು ಸುರುಳಿಯಾಕಾರದ ಒಂದೇ ಹಾದಿಯಲ್ಲಿ ಸಾಲುಗಟ್ಟಿರುತ್ತವೆ. ಹಾದಿ ನಡುವಿನಿಂದ ಹೊರಟು ಅಂಚಿನ ಕಡೆಗೆ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಅಂತರ 1.6 ಮೈಕ್ರಾನ್, ತಲೆಗೂದಲೊಂದರ ಅಗಲದಲ್ಲಿ ಮೂವತ್ತು ನಲವತ್ತು ಸುತ್ತುಗಳು ಹಿಡಿಸುತ್ತವೆ. ಸುರುಳಿಯನ್ನು ಬಿಡಿಸಿ ನೇರ ಮಾಡಿದರೆ ಉದ್ದ ಐದು ಕಿಲೋಮೀಟರಿಗೂ ಮೀರುತ್ತದೆ. ಗುಳಿಯ ಅಗಲ ಅರ್ಧ ಮೈಕ್ರಾನಿನಷ್ಟು, ಉದ್ದ ಸುಮಾರು 0.8ರಿಂದ 3 ಮೈಕ್ರಾನಿನವರೆಗೆ. ಆಳವನ್ನು ಬೆಳಕಿನ ಅಳತೆಗೆ ಹೊಂದಿಸಿರುತ್ತಾರೆ. ಪ್ಲೇಯರಿನ ಲೇಸರ್ 780 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಪ್ಲಾಸ್ಟಿಕ್ಕಿನೊಳಗೆ ಆ ತರಂಗದ ಉದ್ದ ಎಷ್ಟಾಗುತ್ತದೋ ಅದರ ಕಾಲು ಭಾಗದಷ್ಟು ಗುಳಿಯ ಆಳ. ಗುಳಿಗೆ ಬಡಿದು ಮರಳಿದ ಬೆಳಕೂ ಸುತ್ತಲ ಬಯಲಿಗೆ ಬಡಿದು ಮರಳಿದ ಬೆಳಕೂ ಅರ್ಧ ತರಂಗದಷ್ಟು ಹೆಜ್ಜೆ ತಪ್ಪಿ ಒಂದನ್ನೊಂದು ಅಳಿಸುತ್ತವೆ. ಹೀಗೆ ಗುಳಿ ಇದ್ದಲ್ಲಿ ಮಬ್ಬು, ಬಯಲಿದ್ದಲ್ಲಿ ಹೊಳಪು.

ಈ ಮಬ್ಬು ಹೊಳಪುಗಳ ಸಾಲೇ ಹಾಡಿನ ಲೆಕ್ಕ. ಧ್ವನಿಯ ಅಲೆಯನ್ನು ಪ್ರತಿ ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳ ಸಂಖ್ಯೆಯಾಗಿ ಬರೆಯುತ್ತಾರೆ. ಎಡಕ್ಕೊಂದು ಬಲಕ್ಕೊಂದು ಸಾಲು ಬೇಕಾದ್ದರಿಂದ ಒಂದು ಸೆಕೆಂಡಿನ ಸಂಗೀತಕ್ಕೆ 14,11,200 ಬಿಟ್‌ಗಳು. ಸುಮಾರು 74 ನಿಮಿಷಗಳ ಸಂಗೀತ ಒಂದು ತಟ್ಟೆಗೆ ಹಿಡಿಸಿತು. ಅದೇ ತಟ್ಟೆಯಲ್ಲಿ ಕಂಪ್ಯೂಟರಿನ ಕಡತಗಳನ್ನಿಟ್ಟರೆ 650ರಿಂದ 700 ಮೆಗಾಬೈಟ್. ಬೆಳಕಿನ ತರಂಗ ಕಿರಿದಾದಷ್ಟೂ ಬರಹ ಒತ್ತಾಯಿತು. 1990ರ ದಶಕದ ಡಿ.ವಿ.ಡಿ. 650 ನ್ಯಾನೋಮೀಟರಿನ ಕೆಂಪು ಬೆಳಕಿನಲ್ಲಿ 4.7 ಗಿಗಾಬೈಟ್ ಹಿಡಿಯಿತು. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ 405 ನ್ಯಾನೋಮೀಟರಿನ ನೇರಳೆ ಬೆಳಕಿನಲ್ಲಿ ಒಂದು ಪದರಕ್ಕೆ 25 ಗಿಗಾಬೈಟ್ ಹಿಡಿಯಿತು. ಮನೆಯಲ್ಲೇ ಬರೆಯಬಹುದಾದ ಸಿ.ಡಿ.-ಆರ್‌ನಲ್ಲಿ ಗುಳಿಯ ಬದಲು ಬಣ್ಣದ ಪದರವಿರುತ್ತದೆ. ಲೇಸರ್ ಅದನ್ನು ಸುಟ್ಟು ಮಬ್ಬಾಗಿಸುತ್ತದೆ. ಅಳಿಸಿ ಬರೆಯುವ ತಟ್ಟೆಯಲ್ಲಿ ಮಿಶ್ರಲೋಹದ ಪದರವೊಂದು ಕಾವಿಗೆ ತಕ್ಕಂತೆ ಹರಳಿನ ಸ್ಥಿತಿಗೂ ಹರಳಲ್ಲದ ಸ್ಥಿತಿಗೂ ತಿರುಗುತ್ತದೆ.

ಗುಳಿಯೋ ಅಂಚೋ

ಗುಳಿ ಎಂದರೆ 1, ಬಯಲು ಎಂದರೆ 0 ಎಂಬ ತಿಳಿವಳಿಕೆ ಬಹಳ ಕಡೆ ಕಾಣುತ್ತದೆ. ಅದು ಸರಿಯಲ್ಲ. ಬಯಲು ಮುಗಿದು ಗುಳಿ ಶುರುವಾಗುವ ಅಂಚು 1. ಗುಳಿ ಮುಗಿದು ಬಯಲು ಶುರುವಾಗುವ ಅಂಚೂ 1. ಅಂಚು ಬಾರದೆ ಸಾಗಿದ ದೂರವೆಲ್ಲ 0ಗಳ ಸಾಲು, ಅದು ಗುಳಿಯ ತಳವಾದರೂ ಸರಿ, ಬಯಲಾದರೂ ಸರಿ. ಅಂಚುಗಳು ತೀರ ಒತ್ತಾದರೆ ಲೇಸರಿಗೆ ಬೇರೆ ಬೇರೆಯಾಗಿ ಕಾಣವು. ತೀರ ವಿರಳವಾದರೆ ಪ್ಲೇಯರಿಗೆ ಎಣಿಕೆ ತಪ್ಪುತ್ತದೆ. ಅದಕ್ಕಾಗಿ ಎಂಟು ಬಿಟ್‌ಗಳ ಪ್ರತಿ ಗುಂಪನ್ನು ಹದಿನಾಲ್ಕು ಬಿಟ್‌ಗಳ ಮತ್ತೊಂದು ಸಂಕೇತಕ್ಕೆ ಬದಲಿಸಿ, ಎರಡು 1ಗಳ ನಡುವೆ ಕಡಿಮೆಯೆಂದರೆ ಎರಡು, ಹೆಚ್ಚೆಂದರೆ ಹತ್ತು 0ಗಳು ಇರುವಂತೆ ನೋಡಿಕೊಳ್ಳುತ್ತಾರೆ. ಇನ್ನೊಂದು ಸೋಜಿಗವೂ ಇದೆ. ಅಚ್ಚಿನ ಮೈಯಿಂದ ನೋಡಿದರೆ ಗುಳಿಯಾದದ್ದು ಲೇಸರ್ ಬರುವ ಕಡೆಯಿಂದ ನೋಡಿದರೆ ಉಬ್ಬು. ಒಂದೇ ವಸ್ತುವನ್ನು ಒಂದು ನಯದಿಂದ ಹೀಗೆ, ಇನ್ನೊಂದು ನಯದಿಂದ ಹಾಗೆ ಹೇಳಬಹುದೆಂಬ ಜೈನರ ಅನೇಕಾಂತಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗುವುದು ಕಷ್ಟ. ಯಾವ ಕಡೆಯಿಂದ ನೋಡಿದರೂ ಅಂಚು ಮಾತ್ರ ಅಂಚೇ.

ಅಂದರೆ ತಟ್ಟೆ ಕಾಪಿಡುವುದು ವ್ಯತ್ಯಾಸಗಳನ್ನು. ವ್ಯತ್ಯಾಸ ಎಂಬುದು ಎಂಥ ಪದಾರ್ಥ? ಐದು ಆರನೆಯ ಶತಮಾನಗಳ ಬೌದ್ಧ ತಾರ್ಕಿಕ ದಿಙ್ನಾಗ ಅಪೋಹ ಎಂಬ ಸಿದ್ಧಾಂತವನ್ನು ಕಟ್ಟಿದ. ‘ಹಸು’ ಎಂಬ ಪದ ಹಸುತನವೆಂಬ ಯಾವುದೋ ನಿತ್ಯವಸ್ತುವನ್ನು ತೋರುವುದಿಲ್ಲ. ಹಸುವಲ್ಲದ್ದನ್ನೆಲ್ಲ ಹೊರಗಿಡುತ್ತದೆ, ಅರ್ಥ ಹುಟ್ಟುವುದು ಆ ಹೊರಗಿಡುವಿಕೆಯಲ್ಲೇ ಎಂಬುದು ಅವನ ಮತ. ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಸೊಸ್ಯೂರನ ಉಪನ್ಯಾಸಗಳು 1916ರಲ್ಲಿ ಪುಸ್ತಕವಾದಾಗ ಭಾಷೆಯಲ್ಲಿರುವುದು ವ್ಯತ್ಯಾಸಗಳೇ ಎಂಬ ಮಾತು ಬೇರೊಂದು ದಾರಿಯಿಂದ ಮತ್ತೆ ಬಂತು. ಅಂಚಿನಲ್ಲಿ ಮಾತ್ರ ಅಂಕಿಯುಳ್ಳ ಸಿ.ಡಿ. ಈ ಪಕ್ಷಕ್ಕೆ ಸಾಕ್ಷಿ ಹೇಳುವಂತೆ ಕಾಣುತ್ತದೆ.

ಎದುರುಪಕ್ಷದ ವಾದವೂ ಗಟ್ಟಿಯಾಗಿದೆ. ನ್ಯಾಯ ವೈಶೇಷಿಕರು ಭೇದವನ್ನು ಅನ್ಯೋನ್ಯಾಭಾವವೆಂದು ಕರೆದು ಅಭಾವ ಎಂಬ ಪದಾರ್ಥದಲ್ಲಿ ಸೇರಿಸಿದರು. ಆದರೆ ಯಾವ ಅಭಾವವೂ ನಿರಾಧಾರವಾಗಿ ನಿಲ್ಲದು: ಯಾವುದರಲ್ಲಿ ಅಭಾವ, ಯಾವುದರ ಅಭಾವ ಎಂಬ ಎರಡಕ್ಕೂ ಉತ್ತರ ಬೇಕು. ಪ್ಲಾಸ್ಟಿಕ್ ಇಲ್ಲದೆ ಅಂಚಿಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಮೂರನೆಯದೊಂದು ನಿಲುವನ್ನು ತಾಳಿದರು. ಭೇದ ವಸ್ತುವಿಗೆ ಹೊರಗಿನಿಂದ ಅಂಟಿದ್ದೂ ಅಲ್ಲ, ಬರೀ ಇಲ್ಲದಿರುವಿಕೆಯೂ ಅಲ್ಲ. ವಸ್ತುವಿನ ಸ್ವರೂಪವೇ ಭೇದ ಎಂದರು. ಅವರ ನಿಲುವನ್ನು ತಟ್ಟೆಗೆ ಅನ್ವಯಿಸಿದರೆ, ಗುಳಿಯ ಅಂಚು ಗುಳಿಯ ಆಕಾರವೇ ಆಗಿದೆ, ಆಕಾರವನ್ನು ಬಿಟ್ಟು ಬೇರೆ ಅಂಚನ್ನು ಹುಡುಕಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಭೌತವಿಜ್ಞಾನಿ ರಾಲ್ಫ್ ಲ್ಯಾಂಡವರ್ ಮಾಹಿತಿ ಎಂಬುದು ಭೌತಿಕವಾದದ್ದು ಎಂದು ವಾದಿಸಿದರು. ಒಂದು ಬಿಟ್ಟನ್ನು ಅಳಿಸಲು ತಪ್ಪಿಸಲಾಗದ ಕನಿಷ್ಠ ಶಕ್ತಿಯೊಂದು ವ್ಯಯವಾಗುತ್ತದೆಂದು ಅವರು 1961ರಲ್ಲೇ ತೋರಿಸಿದ್ದರು. ಒಡಲಿಲ್ಲದ ಮಾಹಿತಿ ಇಲ್ಲ ಎಂಬಷ್ಟರಲ್ಲಿ ಅವರ ಮಾತು ಆಶ್ರಯವಿಲ್ಲದ ಭೇದವಿಲ್ಲ ಎಂಬ ಮಾತಿಗೆ ಹತ್ತಿರವಾಗಿದೆ.

ನಿತ್ಯಶಬ್ದ, ಅನಿತ್ಯಶಬ್ದ

ಒಡಲು ಬೇಕೆಂದ ಮಾತ್ರಕ್ಕೆ ಒಡಲೇ ಹಾಡು ಎಂದಾಗುವುದಿಲ್ಲ. ಒಂದೇ ಅಚ್ಚಿನಿಂದ ಒತ್ತಿದ ಸಾವಿರ ತಟ್ಟೆಗಳಲ್ಲಿರುವುದು ಒಂದು ಹಾಡೋ ಸಾವಿರ ಹಾಡುಗಳೋ ಎಂಬ ಪ್ರಶ್ನೆ ಉಳಿದೇ ಇದೆ. ಮೀಮಾಂಸಕರು ಇದನ್ನು ವೇದದ ವಿಷಯದಲ್ಲಿ ಕೇಳಿದರು. ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ಲೋಕದ ಮಾತನ್ನೇ ಪ್ರಮಾಣವಾಗಿ ಹಿಡಿಯುತ್ತಾನೆ. ಯಾರಾದರೂ ‘ಗೋ’ ಎಂದು ಎಂಟು ಸಲ ಅಂದರೆ, ಗೋಶಬ್ದವನ್ನು ಎಂಟು ಸಲ ಉಚ್ಚರಿಸಿದ ಎನ್ನುತ್ತಾರೆಯೇ ಹೊರತು ಎಂಟು ಗೋಶಬ್ದಗಳಾದವು ಎನ್ನುವುದಿಲ್ಲ. ಅದೇ ಇದು ಎಂಬ ಪ್ರತ್ಯಭಿಜ್ಞೆ ಶಬ್ದದ ಏಕತೆಯನ್ನು ತೋರುತ್ತದೆ. ಶಬ್ದ ನಿತ್ಯ, ಬಾಯಿಂದ ಹೊರಡುವ ಧ್ವನಿ ಅದನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ. ಕತ್ತಲ ಕೋಣೆಯಲ್ಲಿದ್ದ ಗಡಿಗೆಯನ್ನು ದೀಪ ತೋರಿಸುವಂತೆ ಇದು ಅಭಿವ್ಯಕ್ತಿ, ಉತ್ಪತ್ತಿಯಲ್ಲ. ಅಮೆರಿಕದ ತತ್ತ್ವಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ 1906ರಲ್ಲಿ ಇಂಥದೇ ಎಣಿಕೆಯ ಉದಾಹರಣೆಯನ್ನು ಬಳಸಿದ. ಇಂಗ್ಲಿಷ್ ಪುಟವೊಂದರಲ್ಲಿ ‘ದಿ’ ಎಂಬ ಪದ ಇಪ್ಪತ್ತು ಸಲ ಬಂದಿರುತ್ತದೆ. ಆದರೂ ಆ ಭಾಷೆಯಲ್ಲಿ ‘ದಿ’ ಎಂಬ ಪದ ಒಂದೇ. ಕಾಗದದ ಮೇಲಿನ ಗುರುತುಗಳು ಹಲವು, ಅವುಗಳ ಮಾದರಿ ಒಂದು.

ನೈಯಾಯಿಕರು ಇದನ್ನು ಒಪ್ಪಲಿಲ್ಲ. ಹುಟ್ಟು ಇರುವುದು ನಿತ್ಯವಾಗದು. ಶಬ್ದ ಆಕಾಶದ ಗುಣ. ಅದು ನೀರಿನ ಅಲೆಯಂತೆ ಒಂದರಿಂದ ಒಂದು ಹುಟ್ಟಿ ಕಿವಿಯನ್ನು ಮುಟ್ಟಿ ನಾಶವಾಗುತ್ತದೆ. ಅದೇ ಇದು ಎಂಬ ಅರಿವು ವ್ಯಕ್ತಿಯ ಏಕತೆಯಿಂದ ಬಂದದ್ದಲ್ಲ, ಜಾತಿಯ ಏಕತೆಯಿಂದ ಬಂದದ್ದು. ರೋಗಿ ನಿನ್ನೆ ಕುಡಿದ ಔಷಧ ಹೊಟ್ಟೆಯಲ್ಲಿ ಕರಗಿಹೋಗಿದೆ. ಇಂದು ಕೊಟ್ಟದ್ದನ್ನು ನೋಡಿ ಅವನು ಅದೇ ಔಷಧ ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ, ಏಕೆಂದರೆ ಅವನು ಹೇಳಿದ್ದು ಅದೇ ಬಗೆಯ ಔಷಧ ಎಂದು. ಸಾವಿರ ಸಿ.ಡಿ.ಗಳ ಹಾಡೂ ಹಾಗೆಯೇ: ಸಾವಿರ ಬೇರೆ ಬೇರೆ ಒಡಲುಗಳು, ಸಾವಿರ ಸಲ ಹುಟ್ಟಿ ಸಾಯುವ ಧ್ವನಿಗಳು, ಅವೆಲ್ಲಕ್ಕೂ ಒಂದೇ ಜಾತಿ.

ವೈಯಾಕರಣರಲ್ಲಿ ಭರ್ತೃಹರಿ ವಾಕ್ಯಪದೀಯದಲ್ಲಿ ಮತ್ತೊಂದು ಭೇದವನ್ನು ತಂದ. ಅರ್ಥವನ್ನು ಹೊಮ್ಮಿಸುವ ಅಖಂಡ ಶಬ್ದ ಸ್ಫೋಟ. ಅದನ್ನು ತೋರಿಸುವ ಮೂಲ ನಾದ ಪ್ರಾಕೃತಧ್ವನಿ. ಬೇಗ, ನಿಧಾನ ಎಂಬ ವ್ಯತ್ಯಾಸಗಳಿಗೆ ಕಾರಣವಾದದ್ದು ವೈಕೃತಧ್ವನಿ. ಅವಸರದಲ್ಲಿ ಓದಿದ ಶ್ಲೋಕವೂ ವಿಳಂಬದಲ್ಲಿ ಓದಿದ ಶ್ಲೋಕವೂ ಶ್ಲೋಕವಾಗಿ ಒಂದೇ. ಕಂಪ್ಯೂಟರಿನ ಡ್ರೈವ್ ಸಿ.ಡಿ.ಯನ್ನು ಮೂಲವೇಗದಲ್ಲಿ ಓದಬಹುದು, ಅದರ ಐವತ್ತೆರಡು ಪಟ್ಟು ವೇಗದಲ್ಲೂ ಓದಬಹುದು. ಕೈಗೆ ಬರುವ ಕಡತದಲ್ಲಿ ಒಂದು ಬಿಟ್ಟಿನ ವ್ಯತ್ಯಾಸವೂ ಇರುವುದಿಲ್ಲ. ವೇಗ ಓದಿಗೆ ಸೇರಿದ್ದು, ಓದಿದ್ದಕ್ಕೆ ಸೇರಿದ್ದಲ್ಲ.

ಜೈನರ ಪಕ್ಷ ಇವೆಲ್ಲದರಿಂದ ದೂರ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಶಬ್ದವನ್ನು ಪುದ್ಗಲದ, ಅಂದರೆ ಜಡದ್ರವ್ಯದ, ಪರ್ಯಾಯಗಳಲ್ಲಿ ಎಣಿಸುತ್ತದೆ. ಅದೇ ಸೂತ್ರದಲ್ಲಿ ಕತ್ತಲೆ, ನೆರಳು, ಬಿಸಿಲು, ತಂಪುಬೆಳಕುಗಳೂ ಇವೆ. ಕನ್ನಡಕ್ಕೆ ಈ ವಿಚಾರ ವ್ಯಾಕರಣದ ಬಾಗಿಲಿನಿಂದಲೇ ಬಂತು. ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜ ಶಬ್ದಮಣಿದರ್ಪಣದಲ್ಲಿ, ನಾಭಿಮೂಲದಿಂದ ಗಾಳಿಯ ನೆರವಿನಲ್ಲಿ ಕಹಳೆಯ ದನಿಯಂತೆ ಹೊಮ್ಮುವ ಶಬ್ದವನ್ನು ದ್ರವ್ಯವೆಂದೇ ಕರೆದು ಅದಕ್ಕೆ ಬಿಳಿಯ ಬಣ್ಣವನ್ನೂ ಹೇಳಿದ್ದಾನೆ. ಶಬ್ದ ದ್ರವ್ಯವಾದರೆ ಅದನ್ನು ತಡೆಯಬಹುದು, ಅದು ತಾಗಬಹುದು, ಮತ್ತೊಂದು ದ್ರವ್ಯದಲ್ಲಿ ತನ್ನ ಗುರುತನ್ನು ಒತ್ತಬಹುದು. ಶಬ್ದವೂ ಬೆಳಕೂ ಒಂದೇ ದ್ರವ್ಯದ ಬೇರೆ ಬೇರೆ ಅವಸ್ಥೆಗಳೆಂದು ನಂಬಿದವರಿಗೆ, ಹಾಡು ಗುಳಿಯಾಗಿ, ಗುಳಿ ಬೆಳಕಾಗಿ, ಬೆಳಕು ಮತ್ತೆ ಹಾಡಾಗುವ ಕ್ರಮ ಪರ್ಯಾಯಗಳ ಒಂದು ಸರಣಿಯಾಗಿ ತೋರಿದ್ದೀತು. ಅವರ ಪಕ್ಷ ಎದುರಿಸಬೇಕಾದ ತೊಡಕು ಬೇರೆ: ಈ ಸರಣಿಯಲ್ಲಿ ದ್ರವ್ಯ ಒಂದೆಡೆಯಿಂದ ಒಂದೆಡೆಗೆ ಹೋಗುವುದೇ ಇಲ್ಲ, ಹೋಗುವುದು ಕ್ರಮ ಮಾತ್ರ.

ಪ್ರತಿಯಿಂದ ಪ್ರತಿಗೆ

ಈ ತೊಡಕಿಗೆ ಬೌದ್ಧರಲ್ಲಿ ಒಂದು ಉತ್ತರವಿದೆ. ಮಿಲಿಂದಪಞ್ಹ ಎಂಬ ಪಾಲಿ ಗ್ರಂಥದಲ್ಲಿ ಯವನರಾಜ ಮಿಲಿಂದ, ಯಾವುದೂ ದಾಟಿಹೋಗದೆ ಪುನರ್ಜನ್ಮ ಹೇಗೆ ಸಾಧ್ಯವೆಂದು ಭಿಕ್ಷು ನಾಗಸೇನನನ್ನು ಕೇಳುತ್ತಾನೆ. ನಾಗಸೇನ ಎರಡು ದೃಷ್ಟಾಂತಗಳನ್ನು ಕೊಡುತ್ತಾನೆ. ಒಂದು, ದೀಪದಿಂದ ದೀಪ ಹಚ್ಚುವುದು. ಎರಡನೆಯದು, ರಾಜ ಚಿಕ್ಕಂದಿನಲ್ಲಿ ಗುರುವಿನಿಂದ ಕಲಿತ ಪದ್ಯ. ಪದ್ಯ ಗುರುವನ್ನು ಬಿಟ್ಟು ಶಿಷ್ಯನೊಳಗೆ ದಾಟಿತೇ? ಇಲ್ಲ. ಆದರೂ ಶಿಷ್ಯನಲ್ಲಿ ಪದ್ಯ ಇದೆ. ಸಿ.ಡಿ.ಯಿಂದ ಸಿ.ಡಿ.ಗೆ ಪ್ರತಿ ತೆಗೆಯುವಾಗ ಆಗುವುದೂ ಇದೇ: ಮೊದಲ ತಟ್ಟೆಯಲ್ಲಿ ಏನೂ ಕಡಿಮೆಯಾಗದು, ಎರಡನೆಯದರಲ್ಲಿ ಕ್ರಮ ಹುಟ್ಟುತ್ತದೆ. ನಡುವೆ ಇರುವುದು ಕಾರಣಗಳ ಸಂತಾನ.

ಬೌದ್ಧರ ತಿಪಿಟಕದ ಚರಿತ್ರೆ ಈ ಸಂತಾನಕ್ಕೆ ನಿಜವಾದ ನಿದರ್ಶನ. ಅದು ಕೆಲವು ಶತಮಾನಗಳ ಕಾಲ ಭಿಕ್ಷುಗಳ ನೆನಪಿನಲ್ಲೇ ಇತ್ತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಅದನ್ನು ತಾಳೆಗರಿಗೆ ಇಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಬರ್ಮಾದ ಮಿಂಡೋನ್ ರಾಜ ಮಾಂಡಲೆಯ ಕುಥೋಡಾ ಪಗೋಡದ ಆವರಣದಲ್ಲಿ ಅದನ್ನು 729 ಅಮೃತಶಿಲೆಯ ಹಲಗೆಗಳ ಮೇಲೆ ಕೆತ್ತಿಸಿದ. ಕೆಲಸ 1868ರಲ್ಲಿ ಮುಗಿಯಿತು. 1954ರಿಂದ 1956ರವರೆಗೆ ರಂಗೂನಿನಲ್ಲಿ ನಡೆದ ಆರನೆಯ ಸಂಗೀತಿಯಲ್ಲಿ, ಅಂದರೆ ಭಿಕ್ಷುಗಳ ಮಹಾಸಭೆಯಲ್ಲಿ, ಪಾಠವನ್ನು ಮತ್ತೆ ತಿದ್ದಿ ಮುದ್ರಿಸಿದರು. ಮಹಾರಾಷ್ಟ್ರದ ಇಗತ್‌ಪುರಿಯ ವಿಪಶ್ಯನಾ ಸಂಶೋಧನ ಸಂಸ್ಥೆ 1990ರ ದಶಕದಲ್ಲಿ ಅದೇ ಪಾಠವನ್ನು ಸಿ.ಡಿ.ಯಲ್ಲಿ ಹೊರತಂದಿತು. ಪಾಲಿಗೆ ತನ್ನದೇ ಲಿಪಿಯಿಲ್ಲ. ಹೋದ ನಾಡಿನ ಲಿಪಿಯನ್ನೇ ಅದು ತೊಡುತ್ತದೆ. ತಟ್ಟೆಯಲ್ಲಿದ್ದ ಒಂದೇ ಪಾಠ ಪರದೆಯ ಮೇಲೆ ನಾಗರಿಯಲ್ಲೂ ಬರ್ಮೀ ಲಿಪಿಯಲ್ಲೂ ರೋಮನ್ನಿನಲ್ಲೂ ತೋರಿತು. ಆ ತಂತ್ರಾಂಶದ ನಂತರದ ಆವೃತ್ತಿಯಲ್ಲಿ ಕನ್ನಡ ಲಿಪಿಯೂ ಸೇರಿತು. ಅಕ್ಷರದ ಆಕಾರವೂ ಪಾಠದ ಸ್ವರೂಪವಲ್ಲ ಎಂಬುದನ್ನು 729 ಕಲ್ಲುಗಳಿಗಿಂತ ಒಂದು ತಟ್ಟೆ ಹೆಚ್ಚು ನೇರವಾಗಿ ತೋರಿಸಿತು.

ಕನ್ನಡನಾಡಿನ ಸ್ಮೃತಿಯಲ್ಲಿ ಇದಕ್ಕೆ ಸಾಟಿಯಾದ ಕೆಲಸ ಅತ್ತಿಮಬ್ಬೆಯದು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಈ ದಾನಚಿಂತಾಮಣಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದು ಪ್ರತಿ ಹುಳಕ್ಕೂ ಬೆಂಕಿಗೂ ಸುಲಭದ ತುತ್ತು, ಸಾವಿರ ಪ್ರತಿ ಹಾಗಲ್ಲ. ಆದರೆ ಲಿಪಿಕಾರನ ಕೈ ತಪ್ಪುತ್ತದೆ, ತಪ್ಪು ಮುಂದಿನ ಪ್ರತಿಗೆ ಹರಿಯುತ್ತದೆ. ಪ್ರತಿ ಹೆಚ್ಚಿದಷ್ಟೂ ಪಾಠಾಂತರ ಹೆಚ್ಚುವ ಈ ಸಂಕಟವನ್ನು ಡಿಜಿಟಲ್ ಪ್ರತಿ ಎದುರಿಸುವುದು ಒಂದು ವಿಶೇಷ ಉಪಾಯದಿಂದ.

ಗೀರು ಮತ್ತು ಘನಪಾಠ

ಸಿ.ಡಿ. ತಪ್ಪಿಲ್ಲದ ತಟ್ಟೆಯಲ್ಲ, ತಪ್ಪು ಆಗಿಯೇ ಆಗುತ್ತದೆಂದು ತಿಳಿದು ಕಟ್ಟಿದ ತಟ್ಟೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನವನ್ನು ಅದರಲ್ಲಿ ಬಳಸಿದ್ದಾರೆ. ಸಂಗೀತದ ಪ್ರತಿ 24 ಬೈಟ್‌ಗಳಿಗೆ 8 ಬೈಟ್‌ಗಳ ಕಾವಲು ಸೇರುತ್ತದೆ. ಈ ಎಂಟು ಹೊಸ ಸಂಗೀತವನ್ನು ಹೇಳುವುದಿಲ್ಲ, ಇರುವ ಇಪ್ಪತ್ತನಾಲ್ಕರ ಸಂಬಂಧವನ್ನು ಹೇಳುತ್ತವೆ. ಇಷ್ಟೇ ಅಲ್ಲ, ಅಕ್ಕಪಕ್ಕದ ಬೈಟ್‌ಗಳನ್ನು ಹಾದಿಯುದ್ದಕ್ಕೂ ದೂರ ದೂರ ಚದುರಿಸಿ ಹೆಣೆದಿರುತ್ತಾರೆ. ಗೀರೊಂದು ಒಂದೆಡೆ ಸಾವಿರಾರು ಬಿಟ್‌ಗಳನ್ನು ಅಳಿಸಿದರೂ, ಹೆಣಿಗೆ ಬಿಚ್ಚಿದಾಗ ಆ ನಷ್ಟ ಹಲವು ಗುಂಪುಗಳಿಗೆ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ. ಪ್ರತಿ ಗುಂಪೂ ತನ್ನ ಕಾವಲಿನಿಂದ ತನ್ನ ನಷ್ಟವನ್ನು ತುಂಬಿಕೊಳ್ಳುತ್ತದೆ. ಹಾದಿಯಲ್ಲಿ ಸುಮಾರು 2.5 ಮಿಲಿಮೀಟರಿನವರೆಗಿನ ಹಾನಿಯನ್ನು ಹೀಗೆ ಪೂರ್ತಿ ಸರಿಪಡಿಸಬಹುದು.

ವೇದವನ್ನು ಬಾಯಲ್ಲಿ ಉಳಿಸಿಕೊಂಡವರೂ ಹೆಣಿಗೆಯನ್ನೇ ನಂಬಿದರು. ಸಂಹಿತೆಯನ್ನು ಪದಪದವಾಗಿ ಬಿಡಿಸುವುದು ಪದಪಾಠ, ಎರಡೆರಡು ಪದಗಳನ್ನು ಕೂಡಿಸುತ್ತ ಹೋಗುವುದು ಕ್ರಮಪಾಠ. ಜಟೆಯಲ್ಲಿ ಒಂದು–ಎರಡು, ಎರಡು–ಒಂದು, ಒಂದು–ಎರಡು ಎಂದು ಮುಂದಕ್ಕೂ ಹಿಂದಕ್ಕೂ ಹೆಣೆಯುತ್ತಾರೆ. ಘನದಲ್ಲಿ ಮೂರನೆಯ ಪದವೂ ಸೇರಿ ಒಂದು–ಎರಡು–ಮೂರು, ಮೂರು–ಎರಡು–ಒಂದು, ಒಂದು–ಎರಡು–ಮೂರು ಎಂದು ಮುಂದುವರಿಯುತ್ತದೆ. ಪದವೊಂದು ಜಾರಿದರೆ ಅಥವಾ ಜಾಗ ಬದಲಿಸಿದರೆ ಹೆಣಿಗೆ ಅಲ್ಲೇ ಸಿಕ್ಕಾಗುತ್ತದೆ, ಕೇಳುವವನ ಕಿವಿಗೆ ತಪ್ಪು ಬೀಳುತ್ತದೆ. ಹಿಮ್ಮುಖವಾಗಿ ಹೇಳಿದ ಪದಗಳಿಂದ ವಾಕ್ಯಾರ್ಥ ಹೊರಡದು. ಅದರ ಉದ್ದೇಶವೇ ಕಾವಲು.

ಎರಡರ ನಡುವಿನ ವ್ಯತ್ಯಾಸವೂ ಸಣ್ಣದಲ್ಲ. ರೀಡ್–ಸಾಲೊಮನ್ ವಿಧಾನ ತಪ್ಪಿದ ಬೈಟನ್ನು ಲೆಕ್ಕದಿಂದಲೇ ಮರಳಿ ಪಡೆಯುತ್ತದೆ, ಘನಪಾಠದಲ್ಲಿ ತಿದ್ದುವವನು ಗುರು ಅಥವಾ ಜೊತೆಯ ಪಾಠಕ. ಯಂತ್ರದ ಕಾವಲು ಅರ್ಥವನ್ನೂ ಸ್ವರವನ್ನೂ ಅರಿಯದು. ವೇದಪಾಠದಲ್ಲಿ ಉದಾತ್ತ, ಅನುದಾತ್ತ, ಸ್ವರಿತಗಳು ಉಸಿರಿನಿಂದ ಕಲಿತವು. ಆದರೂ ಇಬ್ಬರೂ ಒಂದು ವಿಷಯವನ್ನು ಒಪ್ಪಿದ್ದಾರೆ: ಶುದ್ಧಿಯನ್ನು ಕಾಯುವುದು ಮಾಧ್ಯಮದ ಗಟ್ಟಿತನವಲ್ಲ, ಅಂಗಗಳ ಪರಸ್ಪರ ಸಂಬಂಧ.

ಓದುಗನಿಲ್ಲದ ಬರಹ

ಕಾವಲು ಎಷ್ಟೇ ಗಟ್ಟಿಯಾದರೂ ಓದುವ ಯಂತ್ರವೇ ಇಲ್ಲವಾದರೆ ತಟ್ಟೆ ಮೂಕ. ಇದಕ್ಕೆ ಹೆಸರಾದ ಉದಾಹರಣೆ ಬ್ರಿಟನ್ನಿನದು. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಭೂಕಂದಾಯದ ದಾಖಲೆ ಡೂಮ್ಸ್‌ಡೇ ಬುಕ್. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿ.ಬಿ.ಸಿ. ಹೊಸ ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ಸುಮಾರು ಹತ್ತು ಲಕ್ಷ ಜನ, ಬಹುಪಾಲು ಶಾಲಾಮಕ್ಕಳು, ತಮ್ಮ ಊರುಗಳ ವಿವರ ಬರೆದರು. ಅದೆಲ್ಲ ಎರಡು ಲೇಸರ್‌ಡಿಸ್ಕ್‌ಗಳಲ್ಲಿ ಅಡಕವಾಯಿತು. ಆ ಡಿಸ್ಕನ್ನು ಓದಲು ವಿಶೇಷ ಪ್ಲೇಯರ್ ಬೇಕು, ಆ ಕಾಲದ ಏಕಾರ್ನ್ ಕಂಪ್ಯೂಟರ್ ಬೇಕು. ಹದಿನೈದು ವರ್ಷಗಳಲ್ಲಿ ಎರಡೂ ಅಪರೂಪವಾದವು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶವನ್ನು ಬರೆದು 2002ರಲ್ಲಿ ಅದನ್ನು ಮತ್ತೆ ತೆರೆದು ತೋರಿಸಿದರು. ಒಂಬತ್ತು ಶತಮಾನದ ಚರ್ಮಪತ್ರವನ್ನು ಲ್ಯಾಟಿನ್ ಬಲ್ಲವರು ಇಂದಿಗೂ ಬರಿಗಣ್ಣಿನಲ್ಲಿ ಓದಬಲ್ಲರು.

ಚರ್ಮಪತ್ರಕ್ಕೂ ಲ್ಯಾಟಿನ್ ಬಲ್ಲ ಓದುಗ ಬೇಕು ಎಂಬುದನ್ನು ಮರೆಯುವಂತಿಲ್ಲ. ಸಿಂಧೂ ನಾಗರಿಕತೆಯ ಮುದ್ರೆಗಳು ಕಣ್ಣಿಗೆ ಸ್ಪಷ್ಟವಾಗಿವೆ, ಓದುವ ಕೀಲಿ ಕಳೆದುಹೋಗಿದೆ. ಗುರುತು, ನಿಯಮ, ಓದುಗ ಈ ಮೂರರಲ್ಲಿ ಒಂದು ತಪ್ಪಿದರೂ ಬರಹ ಬರಹವಾಗಿ ಉಳಿಯದು. 1977ರಲ್ಲಿ ವೊಯೇಜರ್ ನೌಕೆಗಳೊಡನೆ ಚಿನ್ನದ ಲೇಪದ ತಾಮ್ರದ ತಟ್ಟೆಗಳನ್ನು ಕಳಿಸಿದವರಿಗೆ ಈ ಚಿಂತೆ ಇತ್ತು. ಕನ್ನಡವೂ ಸೇರಿ 55 ಭಾಷೆಗಳ ಶುಭಾಶಯಗಳಿರುವ ಆ ತಟ್ಟೆ ಬೆಳಕಿನಿಂದ ಓದುವಂಥದಲ್ಲ, ಮುಳ್ಳಿನಿಂದ ಓದುವಂಥದು. ಮುಳ್ಳನ್ನೂ ಜೊತೆಗೇ ಇಟ್ಟರು. ನುಡಿಸುವ ಬಗೆಯನ್ನು ಮುಚ್ಚಳದ ಮೇಲೆ ಚಿತ್ರವಾಗಿ ಕೆತ್ತಿದರು. ಆ ಚಿತ್ರವನ್ನು ಓದುವ ನಿಯಮವನ್ನು ಮಾತ್ರ ಎಲ್ಲಿಯೂ ಕೆತ್ತಲಾಗದು. ನಿಯಮವನ್ನು ಬರೆದರೆ ಅದನ್ನು ಓದಲು ಮತ್ತೊಂದು ನಿಯಮ ಬೇಕು. ಇದನ್ನೇ ತಾರ್ಕಿಕರು ಅನವಸ್ಥೆ ಎನ್ನುವುದು. ಅದು ನಿಲ್ಲುವುದು ಬರಹದಲ್ಲಲ್ಲ, ಒಬ್ಬರಿಂದ ಒಬ್ಬರು ನೋಡಿ ಕೇಳಿ ಕಲಿಯುವ ರೂಢಿಯಲ್ಲಿ.

ಹೀಗಿರುವಾಗ ಪ್ಲೇಯರನ್ನು ಓದುಗ ಎನ್ನಬಹುದೇ? ಅದು ಅಂಚುಗಳನ್ನು ಅಂಕಿಗಳಾಗಿ, ಅಂಕಿಗಳನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಅರ್ಥ ಮತ್ತು ರಸಗಳ ಅನುಭವಕ್ಕೆ ಸಹೃದಯ ಬೇಕೆಂಬುದು ಭಾರತೀಯ ಕಾವ್ಯಮೀಮಾಂಸೆಯ ನಿಲುವು. ಆ ದೃಷ್ಟಿಯಲ್ಲಿ ಪ್ಲೇಯರ್ ಕಂಠದ ಸ್ಥಾನದಲ್ಲಿದೆ, ಕಿವಿಯ ಸ್ಥಾನದಲ್ಲಿಲ್ಲ.

ಪಾವಿತ್ರ್ಯದ ನೆಲೆ

ಶಬ್ದ ಎಲ್ಲಿದೆ ಎಂಬ ಪ್ರಶ್ನೆ ಧಾರ್ಮಿಕರಿಗೆ ಬರಿಯ ತರ್ಕವಲ್ಲ, ಆಚಾರದ ಸಮಸ್ಯೆ. ಯೆಹೂದ್ಯರಲ್ಲಿ ಬರೆದ ದೇವನಾಮವನ್ನು ಅಳಿಸುವುದು ನಿಷಿದ್ಧ. ಸವೆದ ಹಾಳೆಗಳನ್ನು ಎಸೆಯದೆ ಬೇರೆಯಾಗಿ ಇಡುತ್ತಾರೆ, ಇಲ್ಲವೇ ಹೂಳುತ್ತಾರೆ. ಡಿಸ್ಕಿನಲ್ಲಿರುವ ದೇವನಾಮವನ್ನು ಅಳಿಸಬಹುದೇ ಎಂಬ ಪ್ರಶ್ನೆ ಬಂದಾಗ, ಕಣ್ಣಿಗೆ ಕಾಣುವ ಅಕ್ಷರದ ರೂಪ ಅಲ್ಲಿಲ್ಲವಾದ್ದರಿಂದ ಅದು ಶಾಸ್ತ್ರದ ಅರ್ಥದಲ್ಲಿ ಬರಹವಲ್ಲವೆಂದು ಹಲವು ರಬ್ಬಿಗಳು ಹೇಳಿದರು. ಶುದ್ಧಿಯಿಲ್ಲದೆ ಕುರಾನಿನ ಪ್ರತಿಯನ್ನು ಮುಟ್ಟಬಾರದೆಂಬ ನಿಯಮ ಸಿ.ಡಿ.ಗೆ ಅನ್ವಯಿಸುವುದೇ ಎಂಬುದನ್ನು ಚರ್ಚಿಸಿದ ಮುಸ್ಲಿಂ ಧರ್ಮಶಾಸ್ತ್ರಜ್ಞರಲ್ಲಿ ಅನೇಕರು ಇಂಥದೇ ಕಾರಣ ಕೊಟ್ಟು, ಅದು ಬರೆದ ಕುರಾನಿನ ಸ್ಥಾನ ಪಡೆಯದೆಂದರು. ಎರಡೂ ಕಡೆ ಪಾವಿತ್ರ್ಯ ಅಕ್ಷರದ ವ್ಯಕ್ತರೂಪಕ್ಕೆ ಸೇರಿತು. ಟಿಬೆಟ್ಟಿನ ಬೌದ್ಧರ ಎಣಿಕೆ ಬೇರೆ. ಅವರ ಪ್ರಾರ್ಥನಾಚಕ್ರದ ಒಳಗೆ ಸುತ್ತಿಟ್ಟ ಮಂತ್ರಗಳು ಯಾರೂ ಓದದಿದ್ದರೂ ತಿರುಗುವುದರಿಂದಲೇ ಫಲ ಕೊಡುತ್ತವೆ. ಇತ್ತೀಚೆಗೆ ಮೈಕ್ರೋಫಿಲ್ಮಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಮಂತ್ರಗಳನ್ನು ಅಚ್ಚುಮಾಡಿ ತುಂಬುವುದೂ ಉಂಟು. ಅಲ್ಲಿ ವ್ಯಕ್ತರೂಪಕ್ಕಿಂತ ಇರುವಿಕೆ ಮುಖ್ಯ.

ಮೂಡಬಿದಿರೆಯ ಧವಲ ಗ್ರಂಥಗಳ ಕಥೆ ಈ ಎರಡೂ ನಿಲುವುಗಳ ಬೆಲೆಯನ್ನು ತೂಗಿ ತೋರಿಸುತ್ತದೆ. ದಿಗಂಬರರ ಮೂಲಾಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆ, ಪ್ರಾಕೃತ ಮತ್ತು ಸಂಸ್ಕೃತದ ಪಾಠ, ಹಳೆಗನ್ನಡ ಲಿಪಿಯ ತಾಳೆಗರಿಗಳಲ್ಲಿ ಆ ಊರಿನ ಬಸದಿಯಲ್ಲಿ ಮಾತ್ರ ಉಳಿದಿತ್ತು. ಬಹುಕಾಲ ಅದು ಪೂಜೆಗೂ ದರ್ಶನಕ್ಕೂ ಸಂದ ಗ್ರಂಥವಾಗಿತ್ತು, ಅಧ್ಯಯನಕ್ಕೆ ಒದಗಲಿಲ್ಲ. ಪೂಜೆ ಗರಿಗಳನ್ನು ಕಾಯಿತು. ಪ್ರತಿ ಮಾಡಿಕೊಂಡು, 1939ರಿಂದ ಸಂಪುಟ ಸಂಪುಟವಾಗಿ ಮುದ್ರಿಸಿದ್ದು ಪಾಠವನ್ನು ಕಾಯಿತು. ಆಗಮ ಬರಹಕ್ಕೆ ಇಳಿದ ನೆನಪಿಗೆ ಜೈನರು ಆಚರಿಸುವ ಜ್ಯೇಷ್ಠಮಾಸದ ಶ್ರುತಪಂಚಮಿಯ ದಿನ ಗ್ರಂಥಗಳನ್ನು ಹೊರತೆಗೆದು ಪೂಜಿಸುವ ವಾಡಿಕೆಯಿದೆ. ಪೂಜೆಯ ನೆಪದಲ್ಲಿ ಗರಿಗೆ ಗಾಳಿಯಾಡುತ್ತದೆ.

ಕೊನೆಯ ಪ್ರತಿ

ದರ್ಶನಗಳ ನಿಜವಾದ ಭೇದ ತೋರುವುದು ಪ್ರತಿಗಳು ಇರುವಾಗ ಅಲ್ಲ, ಕೊನೆಯ ಪ್ರತಿ ಅಳಿದಾಗ. ಸಿ.ಡಿ.ಗೆ ಆ ಗತಿ ದೂರದ್ದೇನಲ್ಲ. ಮೆರುಗೆಣ್ಣೆ ಬಿರುಕುಬಿಟ್ಟರೆ ಅಲ್ಯೂಮಿನಿಯಂ ಗಾಳಿ ತೇವಗಳಿಗೆ ಸಿಕ್ಕಿ ಮಂಕಾಗುತ್ತದೆ, ಬರೆಯುವ ಸಿ.ಡಿ.ಯ ಬಣ್ಣ ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಸಾವಿರ ವರ್ಷ ಬಾಳುವ ತಟ್ಟೆಗಳೂ ಮಾರುಕಟ್ಟೆಗೆ ಬಂದಿವೆ, ಆದರೆ ಸಾವಿರ ವರ್ಷ ಎಂಬುದು ತಯಾರಕರ ಲೆಕ್ಕ, ಕಾಲದ ಪರೀಕ್ಷೆಯಲ್ಲ. ಒಂದು ಹಾಡಿನ ಕೊನೆಯ ತಟ್ಟೆ ಮಾಸಿ, ಅದನ್ನು ಬಲ್ಲ ಕೊನೆಯ ಕಂಠವೂ ನಿಂತಿತೆಂದು ಇಟ್ಟುಕೊಂಡರೆ, ನೈಯಾಯಿಕನ ಪ್ರಕಾರ ಆ ಹಾಡು ನಾಶವಾಯಿತು. ಬೌದ್ಧನ ಪ್ರಕಾರ ಸಂತಾನ ಕಡಿಯಿತು. ಜೈನನ ಪ್ರಕಾರ ಪರ್ಯಾಯ ಅಳಿದು ಪುದ್ಗಲ ಉಳಿಯಿತು. ನಿತ್ಯಶಬ್ದವಾದಿಯ ಪ್ರಕಾರ ಶಬ್ದಗಳಿಗೆ ಏನೂ ಆಗಲಿಲ್ಲ, ಅವುಗಳನ್ನು ಆ ಕ್ರಮದಲ್ಲಿ ತೋರಿಸುವ ದೀಪ ಆರಿತು. ಯಾವ ಪ್ರಯೋಗವೂ ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಡಲಾರದು, ಏಕೆಂದರೆ ಕೇಳುವ ಕಿವಿಗೆ ನಾಲ್ಕರ ಫಲವೂ ಮೌನವೇ.

ಹಾಗೆಂದು ವಾದ ನಿಷ್ಫಲವಲ್ಲ. ಶಬ್ದ ನಿತ್ಯವೆಂದವರೇ ಘನಪಾಠದ ಶ್ರಮವನ್ನು ತಲೆಮಾರುಗಳ ಕಾಲ ಹೊತ್ತರು. ನಿತ್ಯವಾದದ್ದಕ್ಕೆ ಕಾವಲೇಕೆ ಎಂದರೆ, ಅಭಿವ್ಯಕ್ತಿ ನಿತ್ಯವಲ್ಲ ಎಂಬುದೇ ಅವರ ಉತ್ತರವಾಗಬೇಕು. ಎಲ್ಲವೂ ಕ್ಷಣಿಕವೆಂದ ಬೌದ್ಧರು ಪಾಠವನ್ನು ಕಲ್ಲಿಗೂ ಗರಿಗೂ ತಟ್ಟೆಗೂ ಇಳಿಸಿದರು. ಶಬ್ದ ದ್ರವ್ಯವೆಂದ ಜೈನರು ದ್ರವ್ಯವನ್ನಷ್ಟೇ ನೆಚ್ಚದೆ ಸಾವಿರ ಪ್ರತಿ ಬರೆಯಿಸಿದರು. ಇಂದಿನ ದಾಖಲೆ ಭಂಡಾರಗಳ ಪದ್ಧತಿಯೂ ಅದೇ: ತಟ್ಟೆ ಕೆಡುವ ಮೊದಲೇ ಅದರ ಬಿಟ್‌ಗಳನ್ನು ಮುಂದಿನ ಮಾಧ್ಯಮಕ್ಕೆ ಇಳಿಸಿ, ಮೂಲಕ್ಕೆ ತಾಳೆ ನೋಡಿ, ಓದುವ ತಂತ್ರಾಂಶವನ್ನೂ ಜೊತೆಗಿಡುತ್ತಾರೆ. ಶಬ್ದದ ಸ್ವರೂಪದ ವಿಷಯದಲ್ಲಿ ಒಪ್ಪದ ಇವರೆಲ್ಲ ಅದನ್ನು ಕಾಪಾಡುವ ಬಗೆಯಲ್ಲಿ ಒಪ್ಪುತ್ತಾರೆ.